ಗಣಕಯಂತ್ರವೂ ಗೃಹಸ್ಥರೂ

ಹಿಂದಿನ ಕಾಲದಲ್ಲಿ ಓದುಬರಹ ಬಾರದವನು ಸಾಲಕ್ಕೆಂದು ಸಾಹುಕಾರನ ಬಾಗಿಲಿಗೆ ಹೋದರೆ, ಪತ್ರವನ್ನು ಬರೆಯುವವನು ಒಬ್ಬ, ಓದಿ ಹೇಳುವವನು ಇನ್ನೊಬ್ಬ, ಕೆಳಗಡೆ ಹೆಬ್ಬೆಟ್ಟನ್ನು ಒತ್ತುವುದು ಮಾತ್ರ ಅವನ ಪಾಲಿನ ಕೆಲಸ. ಪತ್ರದಲ್ಲಿ ನೂರೆಂದಿದೆಯೋ ಇನ್ನೂರೆಂದಿದೆಯೋ ಎಂಬುದು ಅವನಿಗೆ ತಿಳಿಯುತ್ತಿದ್ದುದು ವಾಯಿದೆ ಮುಗಿದ ಮೇಲೆಯೇ. ಈ ಸಂಕಟದಿಂದ ಜನರನ್ನು ಪಾರುಮಾಡಬೇಕೆಂದು ನಮ್ಮ ಹಿರಿಯರು ಊರೂರಿನಲ್ಲಿ ಶಾಲೆಗಳನ್ನು ತೆರೆದರು, ರಾತ್ರಿಯ ಪಾಠಶಾಲೆಗಳನ್ನು ನಡೆಯಿಸಿದರು. ಹೆಬ್ಬೆಟ್ಟಿನ ಕಾಲ ಕಳೆಯಿತೆಂದು ನಾವೂ ಸಮಾಧಾನಪಟ್ಟುಕೊಂಡೆವು.

ಆದರೆ ಇಂದು ನಡೆಯುತ್ತಿರುವುದೇನು? ಪದವಿಗಳನ್ನು ಪಡೆದವರೂ, ಮೂವತ್ತು ವರ್ಷ ಕಚೇರಿಯ ಲೆಕ್ಕ ಬರೆದು ನಿವೃತ್ತರಾದವರೂ, ಮನೆಯ ಖರ್ಚನ್ನು ಕಾಸಿಗೆ ಕಾಸು ತಾಳೆನೋಡುವ ಗೃಹಿಣಿಯರೂ ಕೈಯಲ್ಲಿರುವ ಮೊಬೈಲಿನ ಗಾಜಿನ ಮೇಲೆ "ಒಪ್ಪಿದೆ" ಎಂಬ ಗುರುತು ಕಂಡಲ್ಲೆಲ್ಲ, ಮೇಲೆ ಏನು ಬರೆದಿದೆಯೆಂದು ಓದದೆ, ಬೆರಳನ್ನು ಒತ್ತುತ್ತಿರುವರು. ಏನಾದರೂ ತೊಡಕಾದರೆ ಮೊಮ್ಮಗನನ್ನು ಕರೆಯುವರು. ಅವನು ಊರಿನಲ್ಲಿಲ್ಲದಿದ್ದರೆ ಬೀದಿಯ ಅಂಗಡಿಯವನ ಕೈಗೆ ಯಂತ್ರವನ್ನೂ ಅದರ ಗುಪ್ತಸಂಖ್ಯೆಯನ್ನೂ ಒಟ್ಟಿಗೆ ಕೊಡುವರು. ಅಕ್ಷರ ಬಲ್ಲವರೇ ಹೀಗೆ ಮತ್ತೊಮ್ಮೆ ನಿರಕ್ಷರರಾಗುತ್ತಿರುವುದು ಶೋಚನೀಯವಾದ ಸಂಗತಿ.

ಈ ಯಂತ್ರದ ಒಳಗುಟ್ಟನ್ನೆಲ್ಲ ತಿಳಿಯಬೇಕಾದರೆ ಒಂದು ಆಯುಷ್ಯವೇ ಬೇಕು; ಅಷ್ಟು ಗೃಹಸ್ಥರಿಗೆ ಬೇಕಾಗಿಯೂ ಇಲ್ಲ. ಗಡಿಯಾರದ ಚಕ್ರಗಳನ್ನು ಬಿಚ್ಚಲರಿಯದವನೂ ಹೊತ್ತನ್ನು ಸರಿಯಾಗಿ ನೋಡಬಲ್ಲನು. ಅದರಂತೆ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬಲ್ಲವರು ಈ ಯಂತ್ರದೊಡನೆ ಅಂಜಿಕೆಯಿಲ್ಲದೆ ಬಾಳಬಹುದು: ಯಂತ್ರವು ಕೆಲಸ ಮಾಡುವುದು ಹೇಗೆ? ನಾವು ಕೊಟ್ಟುದನ್ನು ಅದು ಇಡುವುದು ಎಲ್ಲಿ? ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಯಾವ ದಾರಿಯಿಂದ? ಬೀಗದಕೈ ಇರುವುದು ಯಾರ ಬಳಿಯಲ್ಲಿ? ಈ ನಾಲ್ಕನ್ನು ಮಾತ್ರ ಇಲ್ಲಿ ವಿಚಾರಿಸೋಣ.

ಗಣಕನೆಂದರೆ ಯಾರು?

"ಗಣಕ" ಎಂಬ ಮಾತು ನಮಗೆ ಹೊಸದಲ್ಲ. ಎಣಿಸುವವನು, ಲೆಕ್ಕಿಗನು, ಗ್ರಹಗತಿಯನ್ನು ಗುಣಿಸುವ ಜೋಯಿಸನು ಎಂಬ ಅರ್ಥದಲ್ಲಿ ಅದು ಸಂಸ್ಕೃತದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇಂಗ್ಲಿಷಿನ "ಕಂಪ್ಯೂಟರ್" ಶಬ್ದಕ್ಕೂ ಮೊದಲಿದ್ದ ಅರ್ಥ ಇದೇ. ಯಂತ್ರವು ಬರುವುದಕ್ಕೆ ಮುಂಚೆ, ಕುಳಿತು ಲೆಕ್ಕ ಮಾಡುವ ಮನುಷ್ಯರನ್ನೇ ಹಾಗೆ ಕರೆಯುತ್ತಿದ್ದರು. ಮನುಷ್ಯನ ಹೆಸರು ಯಂತ್ರಕ್ಕೆ ಬಂದಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಭಯವು ತೊಲಗುವುದು.

ಹಲ್ಲುಗಾಲಿಗಳಿಂದ ನಡೆಯತಕ್ಕ ಸರ್ವೋಪಯೋಗಿಯಾದ ಲೆಕ್ಕದ ಯಂತ್ರವೊಂದನ್ನು ೧೮೩೦ರ ದಶಕದಲ್ಲಿಯೇ ಚಾರ್ಲ್ಸ್ ಬ್ಯಾಬೇಜ್ ಎಂಬ ಆಂಗ್ಲ ಗಣಿತಜ್ಞನು ಯೋಚಿಸಿದ್ದನು. ಅದು ಅವನ ಕಾಲದಲ್ಲಿ ಪೂರ್ಣವಾಗಲಿಲ್ಲ. ಆ ಯೋಜನೆಯನ್ನು ಚೆನ್ನಾಗಿ ಅರಿತು ೧೮೪೩ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದವಳು ಏಡಾ ಲವ್‌ಲೇಸ್ ಎಂಬ ಮಹಿಳೆ. ಈ ಯಂತ್ರವು ತಾನಾಗಿ ಏನನ್ನೂ ಹುಟ್ಟಿಸಲಾರದು, ನಾವು ಅಪ್ಪಣೆ ಕೊಡಬಲ್ಲುದನ್ನು ಮಾತ್ರ ನೆರವೇರಿಸುವುದು ಎಂಬ ಅಭಿಪ್ರಾಯವನ್ನು ಆಕೆ ಆಗಲೇ ಸೂಚಿಸಿದ್ದಳು.

ಮುಂದೆ ನೂರು ವರ್ಷಗಳ ತರುವಾಯ, ೧೯೪೬ರ ಫೆಬ್ರವರಿಯಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ "ಎನಿಯಾಕ್" ಎಂಬ ವಿದ್ಯುದ್ಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಗೆಗಳಿದ್ದುವು; ತೂಕ ಸುಮಾರು ೩೦ ಟನ್; ಒಂದು ದೊಡ್ಡ ಕೊಠಡಿಯೆಲ್ಲ ಅದಕ್ಕೇ ಬೇಕಾಗಿದ್ದಿತು. ಸೆಕೆಂಡಿಗೆ ೫,೦೦೦ ಕೂಡುವ ಲೆಕ್ಕಗಳನ್ನು ಅದು ಮಾಡುತ್ತಿದ್ದಿತು. ಅದಕ್ಕೆ ಕೆಲಸವನ್ನು ಹಚ್ಚುತ್ತಿದ್ದವರು ಆರು ಮಂದಿ ತರುಣಿಯರು. ಲೆಕ್ಕ ಬದಲಾದಾಗಲೆಲ್ಲ ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ, ಯಂತ್ರವನ್ನು ಅಣಿಗೊಳಿಸುವ ಭಾರ ಅವರದಾಗಿದ್ದಿತು.

೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ನಳಿಗೆಯ ಕೆಲಸವನ್ನು ಕಾಳಿನಷ್ಟು ಸಣ್ಣ ವಸ್ತುವೊಂದು ಮಾಡತೊಡಗಿತು. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯು ಉಗುರಿಗಿಂತಲೂ ಚಿಕ್ಕದಾದ ಸಿಲಿಕಾನ್ ತುಣುಕಿನಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳನ್ನು ಅಡಗಿಸಿ ಮಾರಿತು. ಇಂದು ನಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿ ಅಂತಹವು ನೂರಾರು ಕೋಟಿಗಳಿರುವುವು. ಆದಕಾರಣ "ನನಗೆ ಕಂಪ್ಯೂಟರು ತಿಳಿಯದು, ಮೊಬೈಲು ಮಾತ್ರ ಗೊತ್ತು" ಎಂದು ಹೇಳುವವರು, ತಮ್ಮ ಕೈಯಲ್ಲಿರುವುದು ಪೂರ್ಣಪ್ರಮಾಣದ ಗಣಕಯಂತ್ರವೇ ಎಂಬುದನ್ನು ಮೊದಲು ಅರಿಯಬೇಕು. ಬ್ಯಾಂಕಿನ ಹಣ ಕೊಡುವ ಯಂತ್ರವೂ, ರೈಲಿನ ಟಿಕೀಟು ಕೊಡುವ ಕಿಟಕಿಯ ಹಿಂದಿನ ಪೆಟ್ಟಿಗೆಯೂ ಇದೇ ಜಾತಿಗೆ ಸೇರಿದುವು.

ಯಂತ್ರದೊಳಗಿನ ಅಡುಗೆಮನೆ

ಇದರ ಅಂಗಗಳನ್ನು ತಿಳಿಯಲು ನಮ್ಮ ಅಡುಗೆಮನೆಯೇ ಸಾಕಾದ ದೃಷ್ಟಾಂತ. ಅಡುಗೆಮನೆಯಲ್ಲಿ ಅಡುಗೆ ಮಾಡುವವರು ಒಬ್ಬರು. ತರಕಾರಿ ಹೆಚ್ಚಿ, ಹಿಟ್ಟು ಕಲಸಿ ಇಟ್ಟುಕೊಳ್ಳುವ ಕಟ್ಟೆಯೊಂದು. ಅಕ್ಕಿಬೇಳೆಗಳನ್ನು ತುಂಬಿಟ್ಟಿರುವ ಉಗ್ರಾಣವೊಂದು. ಯಾವುದನ್ನು ಎಷ್ಟು ಹಾಕಬೇಕು, ಯಾವುದರ ತರುವಾಯ ಯಾವುದು ಎಂಬ ಪಾಕವಿಧಾನವೊಂದು.

ಗಣಕದಲ್ಲಿ ಅಡುಗೆಯವರ ಸ್ಥಾನದಲ್ಲಿರುವುದು ಪ್ರೊಸೆಸರು. ಕೂಡುವುದು, ಕಳೆಯುವುದು, ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೋಲಿಸುವುದು, ಇಲ್ಲಿದ್ದುದನ್ನು ಅಲ್ಲಿಗೆ ಸಾಗಿಸುವುದು, ಇಷ್ಟೇ ಅದು ಬಲ್ಲ ವಿದ್ಯೆ. ಆದರೆ ಅದರ ವೇಗ ಅಸಾಧಾರಣವಾದುದು. ಎರಡು ಗಿಗಾಹರ್ಟ್ಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಅದರ ನಾಡಿಯು ಸೆಕೆಂಡಿಗೆ ೨೦೦ ಕೋಟಿ ಸಲ ಮಿಡಿಯುವುದೆಂದು ಅರ್ಥ.

ಕಟ್ಟೆಯ ಸ್ಥಾನದಲ್ಲಿರುವುದು "ರ್‍ಯಾಮ್" ಎಂಬ ತಾತ್ಕಾಲಿಕ ಸ್ಮೃತಿ. ಸದ್ಯದ ಕೆಲಸಕ್ಕೆ ಬೇಕಾದುದನ್ನು ಮಾತ್ರ ಇಲ್ಲಿ ಹರಡಿಕೊಂಡಿರುವುದು. ಕಟ್ಟೆಯು ಚಿಕ್ಕದಾಗಿ, ಹತ್ತು ಅಡುಗೆಗಳನ್ನು ಒಟ್ಟಿಗೆ ಹೂಡಿದರೆ, ಒಂದನ್ನು ಎತ್ತಿಟ್ಟು ಒಂದನ್ನು ಇಳಿಸುವುದರಲ್ಲಿಯೇ ಹೊತ್ತು ಹೋಗುವುದು. ಯಂತ್ರವು ನಿಧಾನವಾಯಿತೆಂದು ನಾವು ಬೈಯುವುದು ಅನೇಕ ವೇಳೆ ಈ ಕಾರಣದಿಂದಲೇ. ವಿದ್ಯುತ್ತು ನಿಂತರೆ ಕಟ್ಟೆಯ ಮೇಲಿದ್ದುದೆಲ್ಲ ಅಳಿಸಿಹೋಗುವುದು. ಒಂದು ಗಂಟೆ ಬರೆದ ಕಾಗದವನ್ನು "ಉಳಿಸು" ಎಂಬ ಗುಂಡಿಯನ್ನೊತ್ತಿ ಉಗ್ರಾಣಕ್ಕೆ ಸೇರಿಸದಿದ್ದರೆ, ದೀಪ ಆರಿದೊಡನೆ ಅದೂ ಇಲ್ಲವಾಗಬಹುದು. ಕೆಲವು ತಂತ್ರಾಂಶಗಳು ತಾವಾಗಿಯೇ ಆಗಾಗ ಉಳಿಸಿಕೊಳ್ಳುವುವೆಂಬುದು ನಿಜ. ಆದರೆ ಅದನ್ನೇ ನಂಬಿ ಕೂರುವುದು ಜಾಣತನವಲ್ಲ.

ಉಗ್ರಾಣವೆಂದರೆ ಶಾಶ್ವತವಾದ ಸಂಗ್ರಹ. ಮೊಬೈಲನ್ನು ಕೊಳ್ಳುವಾಗ ಅಂಗಡಿಯವನು "ಎಂಟು, ನೂರಿಪ್ಪತ್ತೆಂಟು" ಎಂದು ಎರಡು ಸಂಖ್ಯೆಗಳನ್ನು ಹೇಳುವನಷ್ಟೆ. ಚಿಕ್ಕದು ಕಟ್ಟೆಯ ಅಳತೆ, ದೊಡ್ಡದು ಉಗ್ರಾಣದ ಅಳತೆ. ಫೋಟೋಗಳು ಹೆಚ್ಚಾಗಿ ಜಾಗ ಸಾಲದವರು ಉಗ್ರಾಣವನ್ನು ನೋಡಬೇಕು. ಯಂತ್ರದ ನಿಧಾನಕ್ಕೆ ಬೇಸರಪಡುವವರು ಕಟ್ಟೆಯನ್ನು ನೋಡಬೇಕು. ಇದನ್ನರಿಯದೆ ಒಂದರ ಕೊರತೆಗೆ ಇನ್ನೊಂದನ್ನು ಕೊಂಡು ಹಣ ಕಳೆಯುವವರು ಅನೇಕರು.

ಪಾಕವಿಧಾನವೇ ತಂತ್ರಾಂಶ. ಮೊಬೈಲಿನಲ್ಲಿ ನಾವು "ಆ್ಯಪ್" ಎನ್ನುವುದು ಇದನ್ನೇ. ಅಡುಗೆಯವರು ಒಬ್ಬರೇ ಆದರೂ ವಿಧಾನ ಬದಲಾದಂತೆ ಪಾಯಸವೂ ಆಗುವುದು, ಗೊಜ್ಜೂ ಆಗುವುದು. ಅದೇ ಯಂತ್ರವು ಒಂದು ವಿಧಾನದಿಂದ ಪತ್ರ ಬರೆಯುವುದು, ಇನ್ನೊಂದರಿಂದ ಸಂಗೀತ ಕೇಳಿಸುವುದು, ಮತ್ತೊಂದರಿಂದ ಬ್ಯಾಂಕಿನ ವ್ಯವಹಾರ ನಡೆಯಿಸುವುದು. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ನಮ್ಮ ಅಡುಗೆಯವರು ವಿಧಾನದಲ್ಲಿ ವಿಷವನ್ನು ಬೆರೆಸೆಂದು ಬರೆದಿದ್ದರೆ ಕೈ ಹಿಂದೆಗೆಯುವರು. ಈ ಯಂತ್ರವು ಹಿಂದೆಗೆಯದು. ಅದಕ್ಕೆ ವೇಗವುಂಟು, ವಿವೇಕವಿಲ್ಲ. ಆದುದರಿಂದ ಅಪರಿಚಿತರು ಕಳುಹಿಸಿದ ಆ್ಯಪ್‌ಗಳನ್ನು, ಅದು ಮದುವೆಯ ಕರೆಯೋಲೆಯೆಂದೇ ಹೆಸರು ಹೊತ್ತು ಬಂದಿರಲಿ, ಯಂತ್ರಕ್ಕೆ ಉಣಿಸಲಾಗದು. ಅಧಿಕೃತವಾದ ಆ್ಯಪ್ ಭಂಡಾರದಿಂದ ತಂದುದು ಕೂಡ ನಿಮ್ಮ ಸಂದೇಶಗಳನ್ನೂ ಮಿತ್ರರ ಪಟ್ಟಿಯನ್ನೂ ನೋಡಲು ಅಪ್ಪಣೆ ಬೇಡಿದರೆ, "ಈ ಕೆಲಸಕ್ಕೆ ಅದು ಇವನಿಗೇಕೆ?" ಎಂದು ಒಮ್ಮೆ ಕೇಳಿಕೊಳ್ಳತಕ್ಕದ್ದು.

ಎರಡೇ ಅಂಕೆಗಳ ಲೋಕ

ಇಷ್ಟೊಂದು ಬಗೆಯ ವಸ್ತುಗಳನ್ನು, ಅಂದರೆ ಅಕ್ಷರ, ಚಿತ್ರ, ಹಾಡು, ಹಣದ ಲೆಕ್ಕ ಇವುಗಳನ್ನು, ಯಂತ್ರವು ಹೇಗೆ ನೆನಪಿಡುವುದು? ಅದು ಬಲ್ಲುದು ಎರಡೇ ಸ್ಥಿತಿಗಳನ್ನು: ದೀಪ ಹತ್ತಿದೆ, ದೀಪ ಆರಿದೆ. ಮೊದಲನೆಯದಕ್ಕೆ ೧ ಎಂದೂ ಎರಡನೆಯದಕ್ಕೆ ೦ ಎಂದೂ ಹೆಸರಿಟ್ಟರೆ, ಇಂತಹ ಒಂದು ದೀಪಕ್ಕೆ "ಬಿಟ್" ಎಂದು ಹೆಸರು. ಎಂಟು ಬಿಟ್ಟುಗಳ ಸಾಲಿಗೆ "ಬೈಟ್" ಎನ್ನುವರು. ಎಂಟು ದೀಪಗಳನ್ನು ಹತ್ತಿಸಿ ಆರಿಸಿ ೨೫೬ ಬೇರೆಬೇರೆ ಗುರುತುಗಳನ್ನು ಮಾಡಬಹುದು.

ಇನ್ನು ನಮ್ಮ ನುಡಿಯ ಮಾತು. ಲೋಕದ ಲಿಪಿಗಳಲ್ಲಿರುವ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಏರ್ಪಾಡಿಗೆ "ಯೂನಿಕೋಡ್" ಎಂದು ಹೆಸರು. ೧೯೯೧ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ "ಕ" ಅಕ್ಷರದ ಸಂಖ್ಯೆ ೩೨೨೧, "ಖ" ೩೨೨೨, "ಗ" ೩೨೨೩. ೩೨೨೧ ಎಂಬುದನ್ನು ಎರಡೇ ಅಂಕೆಗಳಿಂದ ಬರೆದರೆ ೧೧೦೦೧೦೦೧೦೧೦೧ ಎಂದಾಗುವುದು. "ಅಮ್ಮ" ಎಂದು ನಾವು ಬರೆದರೆ ಯಂತ್ರವು ಅದನ್ನು ಅ, ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ ಎಂದು ಬಿಡಿಸಿಕೊಂಡು ೩೨೦೫, ೩೨೪೬, ೩೨೭೭, ೩೨೪೬ ಎಂಬ ನಾಲ್ಕು ಸಂಖ್ಯೆಗಳಾಗಿ ಇಟ್ಟುಕೊಳ್ಳುವುದು. ಓದುವಾಗ ಅವನ್ನು ಕೂಡಿಸಿ ಒತ್ತಕ್ಷರವನ್ನು ಬರೆದು ತೋರಿಸುವುದು. ನಮ್ಮ ವ್ಯಾಕರಣದ ಮೇಷ್ಟ್ರು ಮಕ್ಕಳಿಗೆ ಹೇಳಿಕೊಡುವ ಕ್ರಮವೂ ಇದೇ ಅಲ್ಲವೆ?

ಈ ಏರ್ಪಾಡು ಹರಡುವುದಕ್ಕೆ ಮುಂಚೆ ಕನ್ನಡಿಗರು ಪಟ್ಟ ಪಾಡು ಸಾಮಾನ್ಯವಲ್ಲ. ಒಬ್ಬೊಬ್ಬ ತಯಾರಕನು ಅಕ್ಷರಗಳಿಗೆ ತನಗೆ ತೋರಿದ ಸಂಖ್ಯೆಯನ್ನು ಕೊಟ್ಟಿದ್ದುದರಿಂದ, ಒಂದು ಯಂತ್ರದಲ್ಲಿ ಬರೆದ ಕನ್ನಡ ಪತ್ರವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳ ರಾಶಿಯೇ ಕಾಣುತ್ತಿದ್ದಿತು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗಳನ್ನನುಸರಿಸಿ ಕೀಲಿಮಣೆಯ ವಿನ್ಯಾಸವನ್ನು ರಚಿಸಿಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ "ಬರಹ" ತಂತ್ರಾಂಶವು ಬಂದಿತು. ಕನ್ನಡ ಗಣಕ ಪರಿಷತ್ತಿನ "ನುಡಿ"ಯೂ ಬಂದಿತು. ಇವರ ಶ್ರಮದ ಫಲವಾಗಿ ಇಂದು ಮೈಸೂರಿನ ಅಜ್ಜಿಯು ಬರೆದ ನಾಲ್ಕು ಸಾಲನ್ನು ಅಮೆರಿಕದಲ್ಲಿರುವ ಮೊಮ್ಮಗಳು ಹಾಗೆಯೇ ಓದಬಲ್ಲಳು. ಯಂತ್ರವನ್ನು ಬಳಸಲು ಇಂಗ್ಲಿಷು ಬಂದೇ ತೀರಬೇಕೆಂಬ ಭ್ರಮೆಯನ್ನು ಇನ್ನಾದರೂ ಬಿಡಬೇಕು. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದು ಕ್ಷಣದ ಕೆಲಸ; ತಿಳಿದ ಭಾಷೆಯಲ್ಲಿ ಬರೆದಿದ್ದರೆ, ಒಪ್ಪುವ ಮುನ್ನ ಓದುವ ಅಭ್ಯಾಸವೂ ತಾನಾಗಿ ಬರುವುದು.

ಸಂಖ್ಯೆಯಲ್ಲಿ ಒಂದೇ ಒಂದು ದೀಪ ತಪ್ಪಿದರೆ ಏನಾಗುವುದೆಂಬುದೂ ವಿನೋದಕರವಾಗಿದೆ. "ಕ"ದ ಸಾಲಿನಲ್ಲಿ ಕೊನೆಯಿಂದ ಎರಡನೆಯ ದೀಪವು ಹತ್ತಿಕೊಂಡರೆ ಅದು "ಗ" ಆಗುವುದು. "ಕಂಡ" ಎಂದಿದ್ದುದು "ಗಂಡ" ಎಂದಾದೀತು! ಇಂತಹ ತಪ್ಪು ದಾರಿಯಲ್ಲಿ ನುಸುಳದಂತೆ ಯಂತ್ರಗಳು ಪ್ರತಿಯೊಂದು ಕಂತಿಗೂ ತಾಳೆಯ ಸಂಖ್ಯೆಯೊಂದನ್ನು ಕಟ್ಟಿ ಕಳುಹಿಸುವುವು. ಯಂತ್ರದ ತಪ್ಪನ್ನು ಯಂತ್ರವೇ ಹೀಗೆ ಹಿಡಿಯಬಹುದು. ಮನುಷ್ಯನು ತಪ್ಪಾಗಿ ಬರೆಸಿದುದನ್ನಾದರೋ ಯಂತ್ರವು ಹಿಡಿಯಲಾರದು.

ಪಹಣಿಯ ದೃಷ್ಟಾಂತ

ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯಿದೆ. ಹೊಲಗದ್ದೆಗಳ ಹಕ್ಕು, ಗೇಣಿ, ಬೆಳೆ ಇವುಗಳ ವಿವರವುಳ್ಳ ಪಹಣಿಗಳು ಹಿಂದೆ ಕೈಬರಹದಲ್ಲಿದ್ದುವು. ಸುಮಾರು ಒಂಬತ್ತು ಸಾವಿರ ಮಂದಿ ಗ್ರಾಮ ಲೆಕ್ಕಿಗರ ವಶದಲ್ಲಿ ಅವು ಇರುತ್ತಿದ್ದುವು. ಒಂದು ನಕಲು ಬೇಕಾದರೆ ರೈತನು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿದ್ದಿತು. ೨೦೦೦ದ ಆಚೀಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರವು "ಭೂಮಿ" ಎಂಬ ಯೋಜನೆಯಿಂದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಗೊತ್ತಾದ ಶುಲ್ಕವನ್ನು ಕೊಟ್ಟರೆ ಅಚ್ಚಾದ ಪಹಣಿಯು ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ನೋಡಬೇಕೆಂಬ ಕಟ್ಟನ್ನು ಯಂತ್ರಕ್ಕೆ ಹಾಕಿದರು. ದಾಖಲೆಯನ್ನು ತಿದ್ದುವ ಅಧಿಕಾರಿಯು ಮೊದಲು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಕೊಡಬೇಕಾಯಿತು. ಹಾಗೆ ಮಾಡಿದುದರಿಂದ, ಯಾರು ತಿದ್ದಿದರು ಎಂಬುದನ್ನು ಮುಂದೆ ಅಲ್ಲಗಳೆಯುವಂತಿಲ್ಲ. ಒಂದು ಕಾಲದಲ್ಲಿ ರೈತನನ್ನು ಕಟ್ಟಿಹಾಕಿದ ಹೆಬ್ಬೆಟ್ಟು ಇಲ್ಲಿ ಅಧಿಕಾರಿಯನ್ನು ಹೊಣೆಗಾರನನ್ನಾಗಿ ಮಾಡಿತು.

ಹೀಗೆಂದ ಮಾತ್ರಕ್ಕೆ ಅಚ್ಚಾಗಿ ಬಂದುದೆಲ್ಲ ಸತ್ಯವೆಂದು ತಿಳಿಯಬಾರದು. ಹಳೆಯ ಪುಸ್ತಕದಲ್ಲಿ ಗುಂಟೆಯ ಲೆಕ್ಕ ತಪ್ಪಾಗಿದ್ದರೆ, ಇಲ್ಲವೆ ಏರಿಸುವಾಗ ಹೆಸರಿನ ಅಕ್ಷರ ತಪ್ಪಿದ್ದರೆ, ಯಂತ್ರವು ಆ ತಪ್ಪನ್ನೇ ಅಂದವಾಗಿ ಅಚ್ಚುಮಾಡಿ ಕೊಡುವುದು. ಆದುದರಿಂದ ಭೂಮಿಯುಳ್ಳ ಪ್ರತಿಯೊಬ್ಬ ಗೃಹಸ್ಥನೂ ವರ್ಷಕ್ಕೊಮ್ಮೆಯಾದರೂ ತನ್ನ ಪಹಣಿಯನ್ನು ತೆಗೆಯಿಸಿ, ಹೆಸರು, ಸರ್ವೆ ನಂಬರು, ಎಕರೆ ಗುಂಟೆಗಳ ವಿಸ್ತೀರ್ಣ, ಋಣದ ಕಲಂ ಇವುಗಳನ್ನು ಮನೆಯ ಪತ್ರಗಳೊಡನೆ ತಾಳೆನೋಡಬೇಕು. ಅಕ್ಷರವು ಬಂದಿದ್ದರೆ ಸಾಲದು, ಅದನ್ನು ಬಳಸಬೇಕು.

ಕಾಗದವು ಹೋಗುವ ದಾರಿ

ಯಂತ್ರಗಳು ಒಂದರೊಡನೊಂದು ಮಾತನಾಡುವ ಜಾಲಕ್ಕೆ ಇಂಟರ್ನೆಟ್ ಎಂದು ಹೆಸರು. ೧೯೬೯ರ ಅಕ್ಟೋಬರ್ ೨೯ರಂದು ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯದ ಯಂತ್ರದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯದ ಯಂತ್ರಕ್ಕೆ ಮೊದಲ ಸಂದೇಶವನ್ನು ಕಳುಹಿಸಿದರು. "ಲಾಗಿನ್" ಎಂದು ಕಳುಹಿಸಲು ಹೊರಟು ಮೊದಲೆರಡು ಅಕ್ಷರಗಳು ಮುಟ್ಟುವುದರೊಳಗೆ ಯಂತ್ರವು ನಿಂತುಹೋಯಿತು! ಅಲ್ಲಿಂದ ಬೆಳೆದ ಜಾಲವು ನಮ್ಮ ದೇಶದ ಸಾರ್ವಜನಿಕರಿಗೆ ದೊರೆತುದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಜಾಲದಲ್ಲಿ ಒಂದು ಫೋಟೋ ಹೋಗುವ ರೀತಿಯನ್ನು ಅಂಚೆಯ ಹೋಲಿಕೆಯಿಂದ ತಿಳಿಯಬಹುದು. ದೊಡ್ಡ ಗ್ರಂಥವೊಂದನ್ನು ಕಾರ್ಡುಗಳಲ್ಲಿಯೇ ಕಳುಹಿಸಬೇಕೆಂದಿಟ್ಟುಕೊಳ್ಳಿ. ಪ್ರತಿಯೊಂದು ಕಾರ್ಡಿನ ಮೇಲೂ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಬರೆದು ಪೆಟ್ಟಿಗೆಗೆ ಹಾಕುವಿರಿ. ಕೆಲವು ಅರಸೀಕೆರೆಯ ಮೇಲೆ ಹೋಗಬಹುದು, ಕೆಲವು ಗುಂತಕಲ್ಲಿನ ಮೇಲೆ. ಹಿಂದುಮುಂದಾಗಿ ಬಂದರೂ ಪಡೆದವನು ಸಂಖ್ಯೆಯಂತೆ ಜೋಡಿಸಿಕೊಂಡು, ಕಾಣೆಯಾದುದನ್ನು ಮಾತ್ರ ಮತ್ತೆ ತರಿಸಿಕೊಳ್ಳುವನು. ಜಾಲದಲ್ಲಿ ನಡೆಯುವುದೂ ಇದೇ. ಮನೆಯ ತಂತಿ ಅಥವಾ ಮೊಬೈಲಿನ ಗೋಪುರದಿಂದ ಹೊರಟ ಕಂತುಗಳು ನೆಲದೊಳಗಿನ ಗಾಜಿನ ಎಳೆಗಳಲ್ಲಿ ಬೆಳಕಾಗಿ ಹರಿಯುವುವು. ವಿದೇಶಕ್ಕೆ ಹೋಗತಕ್ಕುವು ಮುಂಬಯಿ, ಚೆನ್ನೈ ಮೊದಲಾದ ಕರಾವಳಿಯ ಊರುಗಳಲ್ಲಿ ಸಮುದ್ರದ ತಳದ ತಂತಿಗಳನ್ನು ಹಿಡಿಯುವುವು. ಎಲ್ಲವೂ ಆಕಾಶದಲ್ಲಿರುವ ಉಪಗ್ರಹಗಳಿಂದಲೇ ನಡೆಯುವುದೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಹೆಚ್ಚಿನ ಭಾಗವು ಹೋಗುವುದು ಕಡಲಿನ ಕೆಳಗಿನಿಂದ.

"ಕ್ಲೌಡ್", ಅಂದರೆ ಮೋಡ, ಎಂಬ ಮಾತೂ ಇಂತಹ ಭ್ರಮೆಯನ್ನೇ ಹುಟ್ಟಿಸುವುದು. ಫೋಟೋಗಳು ಮೋಡದಲ್ಲಿವೆ ಎಂದರೆ, ಯಾವುದೋ ಊರಿನಲ್ಲಿ ಯಾವುದೋ ಸಂಸ್ಥೆಯವರ ಕಟ್ಟಡದಲ್ಲಿರುವ ಯಂತ್ರದೊಳಗಿನ ಉಗ್ರಾಣದಲ್ಲಿವೆ ಎಂದಷ್ಟೇ ಅರ್ಥ. ಅದು ಪರರ ಉಗ್ರಾಣ. ಕರಾರಿನಂತೆ ನಮಗೆ ಒಂದು ಮೂಲೆ ಕೊಟ್ಟಿರುವರು. ಅನುಕೂಲವುಂಟು, ಅಲ್ಲವೆನ್ನುವಂತಿಲ್ಲ. ಆದರೆ ಮೊಬೈಲಿಗೂ ಮೋಡಕ್ಕೂ ಸದಾ ಒಂದೇ ರೀತಿ ಇರಬೇಕೆಂದು ಗಂಟುಹಾಕಿದ್ದರೆ, ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿದುಹೋಗುವುದು. ಕನ್ನಡಿಯಲ್ಲಿ ಕಾಣುವ ಒಡವೆಯನ್ನು ಎರಡನೆಯ ಒಡವೆಯೆಂದು ಎಣಿಸಲಾಗದಷ್ಟೆ!

ಮನೆಯ ಅಮೂಲ್ಯವಾದ ಫೋಟೋಗಳಿಗೂ ಪತ್ರಗಳಿಗೂ ಮೂರು ಪ್ರತಿಗಳಿರಲಿ ಎಂಬುದು ಬಲ್ಲವರ ಸೂತ್ರ: ಬಳಸುವ ಯಂತ್ರದಲ್ಲಿ ಒಂದು, ಬೀರುವಿನಲ್ಲಿಡುವ ಪ್ರತ್ಯೇಕವಾದ ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ, ಮೋಡದಲ್ಲಾಗಲಿ ನಂಬಿಗಸ್ತ ಬಂಧುಗಳಲ್ಲಾಗಲಿ, ಮತ್ತೊಂದು. ಮದುವೆಯ ಹಳೆಯ ಫೋಟೋ ಗೋಡೆಯ ಮೇಲೆ ಐವತ್ತು ವರ್ಷ ಮಂಕಾಗುತ್ತ ಉಳಿಯುವುದು. ಯಂತ್ರದಲ್ಲಿರುವುದು ಕೊನೆಯ ದಿನದವರೆಗೂ ಹೊಳೆಯುತ್ತಿದ್ದು, ಒಂದು ಬೆಳಗ್ಗೆ ಸಂಪೂರ್ಣವಾಗಿ ಇಲ್ಲವಾಗುವುದು. ತೀರಿಕೊಂಡ ತಂದೆತಾಯಿಗಳ ಧ್ವನಿಯಿರುವ ಒಂದೇ ಮೊಬೈಲು ನೀರಿನಲ್ಲಿ ಬಿದ್ದರೆ ಆ ನಷ್ಟಕ್ಕೆ ಪರಿಹಾರವೆಲ್ಲಿಯದು?

ಬೀಗವೂ ಬೀಗದಕೈಯೂ

ಕೊನೆಯದೂ ಮುಖ್ಯವಾದುದೂ ಈ ಪ್ರಶ್ನೆ. ಯಂತ್ರಕ್ಕೆ ಮುಖಪರಿಚಯವೆಂಬುದಿಲ್ಲ. ಬೀಗದಕೈಯನ್ನು ತಂದವನೇ ಅದಕ್ಕೆ ಯಜಮಾನ. ಗುಪ್ತಪದ, ಪಿನ್ ಎಂಬ ಗುಪ್ತಸಂಖ್ಯೆ, ಒಮ್ಮೆ ಮಾತ್ರ ಸಲ್ಲುವ ಓ.ಟಿ.ಪಿ., ಈ ಮೂರೂ ಬೀಗದಕೈಗಳೇ. ಹೆಸರು ಮತ್ತು ಹುಟ್ಟಿದ ವರ್ಷದಿಂದ ಮಾಡಿದ ಗುಪ್ತಪದವು ಬಾಗಿಲ ಮೇಲಿನ ಚೌಕಟ್ಟಿನಲ್ಲಿಟ್ಟ ಬೀಗದಕೈಯಂತೆ. ಕಳ್ಳನು ಮೊದಲು ತಡವುವುದೇ ಅಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಸೇರಿಸಿದ ಉದ್ದವಾದ ಗುಪ್ತಪದವು ನೆನಪಿಡಲು ಸುಲಭ, ಊಹಿಸಲು ಕಷ್ಟ. ಬ್ಯಾಂಕಿನದನ್ನು ಬೇರೆಲ್ಲಿಯೂ ಬಳಸಕೂಡದು.

೨೦೧೬ರಲ್ಲಿ ಬಂದ ಯು.ಪಿ.ಐ. ಏರ್ಪಾಡಿನಿಂದ ಹೂವಿನವಳಿಗೂ ತರಕಾರಿಯವನಿಗೂ ಮೊಬೈಲಿನಿಂದಲೇ ಹಣ ಕೊಡುವ ಸೌಕರ್ಯವಾಗಿದೆ. ಅದರಲ್ಲಿ ಒಂದು ನಿಯಮವನ್ನು ಮನೆಯ ಮಕ್ಕಳಿಗೂ ಕಂಠಪಾಠ ಮಾಡಿಸಬೇಕು: ಗುಪ್ತಸಂಖ್ಯೆಯು ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. "ನಿಮಗೆ ಬಹುಮಾನ ಬಂದಿದೆ, ಪಿನ್ ಒತ್ತಿ ಪಡೆದುಕೊಳ್ಳಿ" ಎಂದು ಹೇಳುವವನು ನಿಮ್ಮ ಕೈಯಿಂದಲೇ ನಿಮ್ಮ ಪೆಟ್ಟಿಗೆಯನ್ನು ತೆರೆಯಿಸುತ್ತಿರುವನು.

ಮೋಸಗಾರರು ಯಂತ್ರವನ್ನು ಒಡೆಯುವುದು ಕಡಿಮೆ. ಮನುಷ್ಯನ ಮನಸ್ಸನ್ನು ಒಡೆಯುವುದೇ ಹೆಚ್ಚು. ಅವರ ಆಯುಧಗಳು ಎರಡು: ಭಯ ಮತ್ತು ಅವಸರ. "ನಿಮ್ಮ ಖಾತೆ ಇನ್ನೊಂದು ಗಂಟೆಯಲ್ಲಿ ನಿಲ್ಲುವುದು", "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ", "ನಾವು ಪೊಲೀಸರು, ಕ್ಯಾಮರಾದ ಮುಂದಿನಿಂದ ಕದಲಬೇಡಿ, ಮನೆಯವರಿಗೂ ತಿಳಿಸಬೇಡಿ" ಎಂದು ಬೆದರಿಸುವರು. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯಾವ ಪೊಲೀಸ್ ಅಧಿಕಾರಿಯೂ ವಿಡಿಯೋ ಕರೆಯಲ್ಲಿ ದಸ್ತಗಿರಿ ಮಾಡುವುದಿಲ್ಲ. ತನಿಖೆಗೆಂದು ಹಣವನ್ನು ಬೇರೆ ಖಾತೆಗೆ ಹಾಕಿರೆನ್ನುವುದೂ ಇಲ್ಲ. ಈಗ ಪರಿಚಿತರ ಕಂಠವನ್ನೂ ಯಂತ್ರದಿಂದ ಅನುಕರಿಸಬಹುದಾಗಿದೆ. ಮಗನ ಧ್ವನಿಯೇ ಅಳುತ್ತ ಹಣ ಬೇಡಿದರೂ ಕರೆಯನ್ನು ನಿಲ್ಲಿಸಿ, ನಿಮಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ನೀವಾಗಿಯೇ ಕರೆಮಾಡಿ ವಿಚಾರಿಸಿರಿ. ಎರಡು ನಿಮಿಷದ ವಿಳಂಬದಿಂದ ಸತ್ಯವಾದ ಕಷ್ಟಕ್ಕೆ ಕೆಡುಕಾಗದು. ಸುಳ್ಳಾದ ಕಷ್ಟವು ಅಷ್ಟರಲ್ಲಿ ಬಯಲಾಗುವುದು.

ಇಷ್ಟಾಗಿಯೂ ಹಣ ಹೋಯಿತೆಂದರೆ ನಾಚಿಕೆಯಿಂದ ಮುಚ್ಚಿಡುವುದು ದೊಡ್ಡ ಅನರ್ಥ. ಕೂಡಲೇ ೧೯೩೦ ಎಂಬ ನಾಲ್ಕಂಕಿಯ ದೂರವಾಣಿ ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಹೋದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಚದುರುವುದಕ್ಕೆ ಮುಂಚೆ ತಡೆಯಬಹುದಾದ ಹೊತ್ತು ಬಹಳ ಕಡಿಮೆ. ಮೋಸಹೋದವರನ್ನು ಮನೆಯವರು ಹಂಗಿಸಲಾಗದು. ಹಂಗಿಸುವ ಮನೆಯಲ್ಲಿ ಹಿರಿಯರು ಮುಂದಿನ ಸಲ ಬಾಯಿಬಿಡರು, ಕಳ್ಳನಿಗೆ ಬೇಕಾದುದೂ ಅದೇ.

ಮನೆಯಲ್ಲಿ ಮಾಡಬಹುದಾದುದು

ಹಿರಿಯರಿಗೆ ಹೇಳಿಕೊಡುವ ಕಿರಿಯರಿಗೆ ಒಂದು ಬಿನ್ನಹವುಂಟು. ಕೇಳಿದೊಡನೆ ಯಂತ್ರವನ್ನು ಕಸಿದುಕೊಂಡು, ಟಕಟಕನೆ ಒತ್ತಿ, "ಆಯಿತು, ತೆಗೆದುಕೊಳ್ಳಿ" ಎಂದು ಹಿಂದಿರುಗಿಸಬೇಡಿ. ಅದರಿಂದ ಅಂದಿನ ಕೆಲಸವಾದೀತು, ವಿದ್ಯೆ ಬಾರದು. ಯಂತ್ರವು ಅವರ ಕೈಯಲ್ಲಿಯೇ ಇರಲಿ, ಬೆರಳೂ ಅವರದೇ ಆಗಿರಲಿ. ನೀವು ಪಕ್ಕದಲ್ಲಿ ಕುಳಿತು ಬಾಯಿಂದ ಮಾತ್ರ ಹೇಳಿ. ಕ್ರಮವನ್ನು ಅವರು ತಮ್ಮ ಅಕ್ಷರದಲ್ಲಿ ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ನಮಗೆ ಅ ಆ ಇ ಈ ತಿದ್ದಿಸುವಾಗ ಅವರು ಬೇಸರಪಟ್ಟಿದ್ದರೆ ಇಂದು ನಮ್ಮ ಗತಿಯೇನಾಗುತ್ತಿತ್ತು?

ಯಜಮಾನರಿಗೂ ಒಂದು ಮಾತು. ಮನೆಯ ವಿಮೆ, ಠೇವಣಿ, ತೆರಿಗೆ, ವಿದ್ಯುತ್ತಿನ ಹಣ ಎಲ್ಲವೂ ಒಬ್ಬರ ಮೊಬೈಲಿನೊಳಗೇ ಸೇರಿಕೊಂಡಿದ್ದು, ಅವರು ಹಠಾತ್ತಾಗಿ ಕಾಲವಾದರೆ, ಹೆಂಡತಿಮಕ್ಕಳು ದುಃಖದ ನಡುವೆ ಮುಚ್ಚಿದ ಗಾಜನ್ನು ನೋಡುತ್ತ ಕೂರಬೇಕಾಗುವುದು. ಹಿಂದೆ ಕಬ್ಬಿಣದ ಪೆಟ್ಟಿಗೆಯ ಬೀಗದಕೈ ಎಲ್ಲಿದೆಯೆಂದು ಮನೆಯಾಕೆಗೆ ತಿಳಿದಿರುತ್ತಿದ್ದಿತು. ಯಾವ ಬ್ಯಾಂಕಿನಲ್ಲಿ ಯಾವ ಖಾತೆ, ಯಾವ ವಿಮೆ, ನಾಮನಿರ್ದೇಶನ ಯಾರ ಹೆಸರಿಗೆ ಎಂಬ ಪಟ್ಟಿಯೊಂದನ್ನು ಕಾಗದದ ಮೇಲೆ ಬರೆದು, ಇಬ್ಬರಿಗೆ ತಿಳಿದಿರುವ ಸುರಕ್ಷಿತವಾದ ಜಾಗದಲ್ಲಿಡಿ. ಗುಪ್ತಪದಗಳನ್ನು ಅದರೊಡನೆ ಇಡದೆ, ಬೇರೆಯಾಗಿ ಮುಚ್ಚಿದ ಲಕೋಟೆಯಲ್ಲಿಡುವುದು ಮೇಲು.

ಈ ತಿಂಗಳು ವಾಚಕರು ಮೂರು ಕೆಲಸಗಳನ್ನು ಮಾಡಿ ನೋಡಬಹುದು. ಮೊದಲನೆಯದು, ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸುವುದು. ಎರಡನೆಯದು, ಮನೆಯ ಫೋಟೋಗಳ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಡುವುದು. ಮೂರನೆಯದು, ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು, ಅಪರಿಚಿತನು ಕರೆಮಾಡಿ ಹೆದರಿಸಿದರೆ ಯಾರು ಯಾರಿಗೆ ತಿಳಿಸಬೇಕೆಂಬುದನ್ನು ಮಾತನಾಡಿಕೊಳ್ಳುವುದು. ಇವಕ್ಕೆ ಡಿಸ್ಕಿನ ಬೆಲೆಯ ಹೊರತು ಹಣದ ಖರ್ಚಿಲ್ಲ. ಯಂತ್ರವು ನಮ್ಮ ಮನೆಗೆ ಬಂದಾಗಿದೆ. ಅದಕ್ಕೆ ಆಳಿನ ಸ್ಥಾನವೋ ಅರಸಿನ ಸ್ಥಾನವೋ ಎಂಬುದನ್ನು ಗೊತ್ತುಮಾಡತಕ್ಕವರು ಮನೆಯವರೇ.